ಕೊಪ್ಪೆಯೊಳಗಿನ ಆಳು

"ಹಂಗಾದ್ರ ರಂಟಿ ಹೊಡದು ಗದ್ದಿ ಉಳೋ ಆ ಮನಶ್ಯಾ ಯಾರು?" ಎಂದು ಭೂ ನ್ಯಾಯಮಂಡಳಿಯ ಸಾಹೇಬರು ಎರಡನೇ ಸಲ ಕೇಳಿದರು.

ಇನಾಸ ಬಾಯಿಗೆ ಕಡುಬು ತುರುಕಿಕೊಂಡವನ ಹಾಗೆ ನಿಂತಿದ್ದ. ಖಾನಾಪುರದ ಆ ಕಚೇರಿಯ ಜಗಲಿಯಲ್ಲಿ ರೊಟ್ಟಿಗಂಟು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ ಸಾಬೆಲಳಿಗೆ ಒಳಗಿನ ಮಾತೆಲ್ಲ ಕೇಳುತ್ತಿತ್ತು. ಇನಾಸ ಅವಳ ಭಾವ, ತೀರಿಹೋದ ಗಂಡ ಸಾಂತಾನನ ಅಣ್ಣ. ಉಳುವವನಿಗೇ ಭೂಮಿ ಎಂದು ಸರಕಾರ ಕಾನೂನು ಮಾಡಿ ಮೂರು ವರ್ಷವಾಗಿತ್ತು. ಅಜ್ಜನ ಕಾಲದಿಂದ ಗೇಣಿಗೆ ಮಾಡುತ್ತಿದ್ದ ನಾಲ್ಕು ಎಕರೆ ಗದ್ದೆಗೆ ಇನಾಸ ಅರ್ಜಿ ಹಾಕಿದ್ದ. ಅದು ಕೈಬಿಟ್ಟರೆ ಮನೆಯ ಹದಿನಾಲ್ಕು ಬಾಯಿಗೆ ಅನ್ನವಿರಲಿಲ್ಲ.

ಗದ್ದೆಯ ಒಡೆಯನಾದ ವಾಡೆಯ ಧಣಿಯ ಕಡೆಯಿಂದ ಬಂದವನು ಕಾರಭಾರಿ ಸಿದರಾಯ. ಅವನ ನಾಲಿಗೆಗೆ ಎಣ್ಣೆ ಹಚ್ಚಿದಂತಿತ್ತು.

"ಸಾಹೇಬ್ರ, ಈ ಇನಾಸ ಇರೋದು ಬೆಳಗಾವ್ಯಾಗ. ಉದ್ಯಮಬಾಗದಾಗ ಎರಕದ ಕಾರ್ಖಾನಿ ನೌಕರಿ, ಕ್ಯಾಂಪಿನ್ಯಾಗ ಖೋಲಿ. ಐತವಾರಕ್ಕೊಮ್ಮಿ ಊರಿಗೆ ಬಂದು ಕೋಳಿ ತಿಂದು ಹೋಗ್ತಾನ. ಇವನ ಇನ್ನೊಬ್ಬ ತಮ್ಮ, ಕಾಯ್ತಾನ ಅನ್ನಾಂವ, ಮಿಲ್ಟ್ರಿ ಮೆಸ್ಸಿನ್ಯಾಗ ಅಡಗಿ ಮಾಡ್ತಾನ. ಗದ್ಯಾಗ ಕಂಬಳಿ ಕೊಪ್ಪಿ ಹಾಕ್ಕೊಂಡು ರಂಟಿ ಹೊಡಿಯೋ ಗಂಡಸು ನಮ್ಮ ಆಳು, ನಾವ ಕಳಿಸಿದಾಂವ. ಊರಾಗ ಬೇಕಾದವರನ್ನ ಕೇಳ್ರಿ, ಕೊಪ್ಪಿ ಹಾಕ್ಕೊಂಡಾಂವನ್ನ ಎಲ್ಲಾರೂ ನೋಡ್ಯಾರ."

ಆ ಗಂಡಸು ಸಾಬೆಲಳೇ.

ಆರು ವರ್ಷದ ಹಿಂದೆ ಕಾಮಾಲೆಯಾಗಿ ಸಾಂತಾನ ಸತ್ತಾಗ ಮೊದಲ ಮಳೆ ಬಿದ್ದು ನಾಲ್ಕು ದಿನವಾಗಿತ್ತು. ಎತ್ತುಗಳು ಕೊಟ್ಟಿಗೆಯಲ್ಲಿ ಮೇವು ತಿನ್ನುತ್ತ ನಿಂತಿದ್ದವು. ಅಣ್ಣತಮ್ಮಂದಿರಿಗೆ ರಜೆ ಸಿಗಲಿಲ್ಲ. ಬಾಡಿಗೆಯ ನೇಗಿಲಿನವನು ತನ್ನ ಗದ್ದೆ ಮುಗಿಯದೆ ಬರುವುದಿಲ್ಲ, ಅಷ್ಟರಲ್ಲಿ ಹದ ಹೋಗಿರುತ್ತದೆ. ಹಣೆಗೆ ಕೈಹಚ್ಚಿ ಕುಳಿತಿದ್ದ ಅತ್ತೆ ರೋಜಾಮಾಯ ಒಂದು ನಸುಕಿನಲ್ಲಿ ಎದ್ದು, ಮಗನ ಖಾಕಿ ಅಂಗಿಯನ್ನೂ ತಲೆಮುಖ ಮುಚ್ಚುವ ಕಂಬಳಿಯ ಕೊಪ್ಪೆಯನ್ನೂ ಸೊಸೆಯ ಮುಂದಿಟ್ಟಿದ್ದಳು. "ಹೆಂಗಸು ರಂಟಿ ಮುಟ್ಟಿದ್ಲು ಅಂದ್ರ ಊರು ಉಗುಳತೈತಿ. ಮಾರಿ ಕಾಣದಂಗ ಹೋಗು."

ಹಾಗೆ ಹೋದವಳು ಆರು ಮಳೆಗಾಲ ಹೋದಳು. ಮಗ್ಗುಲ ಗದ್ದೆಯ ಹಣಮಪ್ಪನಿಗೆ ಮೊದಲ ದಿನವೇ ಗೊತ್ತಾಗಿತ್ತು. ಅವನು ಬೇರೆಲ್ಲೋ ನೋಡುತ್ತ, "ಏ ತಮ್ಮಾ, ಸಾಲು ಸೊಟ್ಟ ಹೊಂಟೈತಿ, ಎಡಗೈ ಬಿಗಿ ಹಿಡಿ" ಎಂದಿದ್ದ. ಅಂದಿನಿಂದ ಊರಿಗೆಲ್ಲ ಅವಳು ತಮ್ಮನೇ. ಕ್ರೈಸ್ತರ ಆ ಮನೆಯಲ್ಲಿ ಜಪ ಕೊಂಕಣಿಯಲ್ಲಿ, ಜಗಳ ಕನ್ನಡದಲ್ಲಿ. ಸಾಬೆಲಳ ನೇಗಿಲಿನ ಮಾತು ಮಾತ್ರ ಜಪದಲ್ಲೂ ಬರಲಿಲ್ಲ, ಜಗಳದಲ್ಲೂ ಬರಲಿಲ್ಲ. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಯಾರ ಕೈ, ಯಾರ ಬಾಯಿ ಎಂಬುದನ್ನು ಗಾದೆ ಮಾಡಿದ ಪುಣ್ಯಾತ್ಮ ಹೇಳದೆ ಬಿಟ್ಟ.

ಅರ್ಜಿ ತುಂಬುವ ದಿನ ಅವಳು ಕೇಳಿದ್ದಳು. "ಭಾವಾ, ನನ್ನ ಹೆಸರೂ ಹಚ್ರಿ. ಉಳಾಕಿ ನಾನ ಅಲ್ಲೇನು?"

"ಹುಚ್ಚಿಯಂಗ ಏನೇನರ ಮಾತಾಡಬ್ಯಾಡ" ಎಂದಿದ್ದ ಇನಾಸ. "ರಂಟಿ ಹೊಡಿಯೋ ಹೆಂಗಸಿನ ಮಕ್ಕಳು ಅಂದ್ರ ನಿನ್ನ ಎರಡು ಹುಡಿಗ್ಯಾರನ್ನ ಯಾರು ಮಾಡ್ಕೋತಾರ?"

ಈಗ ಒಳಗೆ ಅದೇ ಇನಾಸ ಗಂಟಲು ಸರಿಮಾಡಿಕೊಂಡ. "ಅಂವ... ಕೂಲಿ ಆಳು ರೀ, ಸಾಹೇಬ್ರ."

"ಹೆಸರು?"

ಹೆಸರಿಲ್ಲ. ಇದ್ದರೆ ತಾನೆ ಹೇಳುವುದು? ಸಿದರಾಯ ಮೀಸೆಯಡಿ ನಕ್ಕ ಸದ್ದು ಜಗಲಿಗೂ ಕೇಳಿತು. ಮರ್ಯಾದೆ ಉಳಿಸಲು ಭಾವ ಗದ್ದೆಯನ್ನೇ ಬಿಟ್ಟುಕೊಡಲು ತಯಾರಾಗಿದ್ದ! ಸಾಬೆಲ ರೊಟ್ಟಿಗಂಟನ್ನು ಅಲ್ಲೇ ಬಿಟ್ಟು ಎದ್ದು ಒಳಗೆ ಹೋದಳು.

"ಆ ಆಳು ನಾನ ರೀ" ಎಂದಳು.

ಸಿದರಾಯನೇ ಮೊದಲು ಚೇತರಿಸಿಕೊಂಡ. "ಸುಳ್ಳು ರೀ ಸಾಹೇಬ್ರ. ಹೆಂಗಸು ಎಲ್ಲೆರ ರಂಟಿ ಹಿಡಿತಾಳ?"

"ಹಂಗಾದ್ರ ನಿಮ್ಮ ಆಳಿನ್ನ ಕರಸ್ರಿ" ಎಂದಳು ಸಾಬೆಲ. "ಢವಳ್ಯಾ, ಚಿತ್ರ್ಯಾ ಎರಡ್ರಾಗ ಬಲಕ್ಕ ಕಟ್ಟಿದ್ರ ಕದಲಲಾರದ ಎತ್ತು ಯಾವುದಂತ ಅಂವ ಹೇಳ್ಲಿ. ಗದ್ದಿಯ ಮೂರನೇ ಮಡಿಯಾಗ, ಮಾವಿನ ಗಿಡದ ಬಾಜು, ಒಂದು ಗೇಣು ಕೆಳಗ ಹಾಸಗಲ್ಲೈತಿ. ಗೊತ್ತಿಲ್ಲದಾಂವ ರಂಟಿ ಒತ್ತಿದ್ರ ಕಬ್ಬಣದ ಕುಡ ಮುರಿತೈತಿ. ನಾ ಎರಡು ಮುರದೀನಿ. ಅಲ್ಲಿ ರಂಟಿ ಎತ್ತಿ ಹಿಡೀಬೇಕು, ಎಷ್ಟು ಹೆಜ್ಜಿ ಅಂತ ಕೇಳ್ರಿ ಅಂವಗ. ಏಳು ಹೆಜ್ಜಿ. ಬಂದು ಅಗದು ನೋಡ್ರಿ."

ಸಾಹೇಬರು ಅವಳ ಕೈ ನೋಡಿದರು. ಬಲ ಅಂಗೈಯ ಬುಡದಲ್ಲಿ ನೇಗಿಲ ಮೇಳಿ ಹಿಡಿದು ಹಿಡಿದು ಕಟ್ಟಿದ ಗಂಟು ಹುಣಸೆಬೀಜದಷ್ಟಿತ್ತು. ಅವರು ತಲೆ ಬಗ್ಗಿಸಿ ಬರೆದುಕೊಂಡರು. ಮುಂದಿನ ವಾರ ಬಂದು ಅಗೆಸಿಯೂ ನೋಡಿದರು. ಕಲ್ಲು ಅಲ್ಲೇ ಇತ್ತು. ಅದಕ್ಕೆ ಯಾರ ಮರ್ಯಾದೆಯ ಹಂಗೂ ಇರಲಿಲ್ಲ.

ವಿಚಾರಣೆಯ ದಿನ ಇನಾಸ ಮನೆಗೆ ಬಂದು ತಾಯಿಗೆ ಹೇಳಿದ್ದು ಒಂದೇ ಮಾತು: "ಮಂದಿಯೊಳಗ ನನ್ನ ಮಾನ ತೆಗೆದ್ಲು."

ಮುಂದಿನ ಮಳೆಗಾಲ ಬಂತು. ಇಷ್ಟಾದ ಮೇಲೆ ಕೊಪ್ಪೆ ಯಾಕೆ ಎಂದುಕೊಂಡಿದ್ದಳು ಸಾಬೆಲ. ರೋಜಾಮಾಯ ನಸುಕಿನಲ್ಲಿ ಅದನ್ನು ಮತ್ತೆ ಮುಂದಿಟ್ಟಳು. "ಕಚೇರಿಯೊಳಗಿಂದು ಕಚೇರಿಗೆ. ಊರು ಊರ ಅದ." ಅತ್ತೆಯ ಮುಖ ನೋಡಿ ಸಾಬೆಲ ತೊಟ್ಟುಕೊಂಡಳು. ಹಣಮಪ್ಪ ಆ ವರ್ಷವೂ ತಮ್ಮಾ ಎಂದೇ ಕರೆದ.

ನಾಟಿ ಮುಗಿದ ವಾರದಲ್ಲಿ ಮಂಡಳಿಯ ಆದೇಶ ಬಂತು. ಇನಾಸ ಬೆಳಗಾವಿಯಿಂದ ಎರಡು ಸೇರು ಕುಂದಾ ತಂದು ಓಣಿಗೆಲ್ಲ ಹಂಚಿದ. ಸಾಬೆಲಳ ದೊಡ್ಡ ಮಗಳು ಲೀನಾ ಏಳನೆಯ ಇಯತ್ತೆ ಓದುತ್ತಿದ್ದಳು. ಅವಳಿಂದಲೇ ಕಾಗದ ಓದಿಸಿದರು. "ಅರ್ಜಿದಾರನಾದ ಇನಾಸನು ಕುಟುಂಬದ ಸದಸ್ಯರ ನೆರವಿನಿಂದ ಸದರಿ ಜಮೀನನ್ನು ಸ್ವತಃ ಸಾಗುವಳಿ ಮಾಡುತ್ತಿರುವುದು ರುಜುವಾತಾಗಿರುತ್ತದೆ." ಹುಡುಗಿ ಕಾಗದ ಹೊರಳಿಸಿ ಹಿಂದೆ ಮುಂದೆ ನೋಡಿದಳು. "ಅವ್ವಾ, ಇದರಾಗ ನಿನ್ನ ಹೆಸರು ಎಲ್ಲೈತಿ?"

"ಸದಸ್ಯರು ಅಂದ್ರ ನಿಮ್ಮವ್ವನೂ ಬಂದ್ಲು" ಎಂದು ಇನಾಸ ಕಾಗದ ಮಡಚಿದ.

"ಹೊಲದ ಉತಾರದಾಗ ನನ್ನ ಹೆಸರೂ ಹಚ್ಚಸ್ರಿ, ಭಾವಾ" ಎಂದಳು ಸಾಬೆಲ. "ಕುಂದಾ ಬ್ಯಾಡ ನನಗ. ನಾಳೆ ನೀವು ಇಲ್ಲಂದ್ರ ನನ್ನ ಮಕ್ಕಳು ಯಾರ ಬಾಗಲಾ ಕಾಯಬೇಕು?"

"ಅರ್ಜಿದಾರ ಒಬ್ಬನ. ಮತ್ತ ಇನ್ನ ಮ್ಯಾಲ ರಂಟಿ ಮುಟ್ಟಬ್ಯಾಡ. ನಾವೀಗ ಹೊಲಾ ಇದ್ದ ಮಂದಿ, ನಾಕು ಜನ ನೋಡ್ತಾರ."

ನಾಟಿ ಮುಗಿದ ಮೇಲೆ ಹೇಳಿದ, ಮಹಾರಾಯ! ಸಾಬೆಲ ಅಂದು ಉಣ್ಣಲಿಲ್ಲ. ಯಾರೂ ಉಣ್ಣು ಎಂದೂ ಅನ್ನಲಿಲ್ಲ.

ಸೆಪ್ಟೆಂಬರಿನಲ್ಲಿ ಕನ್ಯಾ ಮರಿಯಮ್ಮನ ಹುಟ್ಟಿದ ಹಬ್ಬ. ಹೊಸ ಅಕ್ಕಿ ಬಾಯಿಗಿಡುವ ಮೊದಲು ಮನೆಗೊಂದು ತೆನೆಕಟ್ಟು ಇಗರ್ಜಿಗೆ ಹೋಗಿ ಪಾದ್ರಿಯ ಆಶೀರ್ವಾದ ಪಡೆದು ಬರಬೇಕು. ಮನೆಯಲ್ಲಿ ಎಷ್ಟು ಬಾಯೋ ಅಷ್ಟು ತೆನೆ. ಕೊಯ್ದು ಹೆಗಲ ಮೇಲೆ ಹೊರಬೇಕಾದವನು ಗದ್ದೆ ಉತ್ತವನು. ಇಷ್ಟು ವರ್ಷ ಸಾಬೆಲ ಕೊಯ್ದು, ಕಟ್ಟಿ, ಇಗರ್ಜಿಯ ಮೆಟ್ಟಿಲಿನವರೆಗೆ ಹೊತ್ತು ತರುತ್ತಿದ್ದಳು. ಅಲ್ಲಿಂದ ಮುಂದಿನ ಹತ್ತು ಹೆಜ್ಜೆಗೆ ಇನಾಸನ ಹೆಗಲು ತಯಾರಿರುತ್ತಿತ್ತು.

ಈ ಸಲ ಬೆಳಿಗ್ಗೆ ಅವನು ಟೆರಿಕಾಟ್ ಅಂಗಿ ತೊಟ್ಟು, ಬೂಟಿಗೆ ಪಾಲಿಶ್ ಹೊಡೆದು ಅಂಗಳಕ್ಕೆ ಬಂದ. ಮನೆಮಂದಿಯೆಲ್ಲ ಹೊರಟು ನಿಂತಿತ್ತು.

"ತೆನಿ ಎಲ್ಲಿ?"

"ಗದ್ಯಾಗ ಅದಾವು" ಎಂದಳು ಸಾಬೆಲ.

"ಯಾಕ, ಕೊಯ್ದಿಲ್ಲೇನು?"

"ಉತ್ತಾವ್ರು ಕೊಯ್ಬೇಕು ಅಂತ ಪದ್ಧತಿ. ಕಾಗದದಾಗ ನೀವು ಉತ್ತೀರಿ ಅಂತೈತಿ. ಹೋಗಿ ಕೊಯ್ಕೊಂಡು ಬರ್ರಿ." ಕುಡುಗೋಲನ್ನು ಕಟ್ಟೆಯ ಮೇಲಿಟ್ಟಳು.

ಇನಾಸ ತಾಯಿಯ ಮುಖ ನೋಡಿದ. ರೋಜಾಮಾಯ ಜಪಮಣಿಯನ್ನು ಬೆರಳಿಗೆ ಸುತ್ತುತ್ತ ನಿಂತಳು, ಸೊಸೆಗೆ ಬೈಯಲಿಲ್ಲ. ಇಗರ್ಜಿಯ ಮೊದಲನೆಯ ಗಂಟೆ ಬಾರಿಸಿತು. ಅವನು ಕುಡುಗೋಲು ಕಸಿದುಕೊಂಡು ದಡದಡ ನಡೆದ. ಸಾಬೆಲಳೂ ಹಿಂದೆ ಹೋಗಿ ಬದುವಿನ ಮೇಲೆ ನಿಂತಳು.

ಹಬ್ಬಕ್ಕೆ ಬರುವ ಮುಂಗಾರಿ ಭತ್ತ ಒಂದೇ ಮಡಿಯಲ್ಲಿ ಬೆಳೆದಿತ್ತು. ಇನಾಸನಿಗೆ ಅದು ಯಾವುದೆಂದು ಗೊತ್ತಿರಲಿಲ್ಲ. ಮೊದಲ ಮಡಿಗಿಳಿದ, ಅಲ್ಲಿ ತೆನೆ ಹಾಲುಗಾಳು. ಎರಡನೆಯದರಲ್ಲಿ ಬೂಟು ಕೆಸರಿನಲ್ಲೇ ಉಳಿಯಿತು. ಮೂರನೆಯ ಮಡಿಗೆ ಬರಿಗಾಲಲ್ಲಿ ಬಂದವನು ತಲೆಯೆತ್ತಿ ಹಾಗೇ ನಿಂತುಬಿಟ್ಟ.

ಮಾವಿನ ಗಿಡದ ಬಾಜು, ಹಾಸಗಲ್ಲು ಇದ್ದ ಜಾಗದಲ್ಲಿ, ಮಾಗಿದ ತೆನೆಗಳ ನಡುವೆ ಬೆದರುಗೊಂಬೆ ನಿಂತಿತ್ತು. ಸಾಂತಾನನ ಖಾಕಿ ಅಂಗಿ, ತಲೆಯ ಮೇಲೆ ಕಂಬಳಿಯ ಕೊಪ್ಪೆ. ಇಗರ್ಜಿಗೆ ಹೋಗುವ ದಾರಿ ಅಲ್ಲೇ ಹಾಯ್ದು ಹೋಗುತ್ತದೆ. ಹಬ್ಬಕ್ಕೆ ಹೊರಟ ಮಂದಿ ನಿಂತು ನೋಡುತ್ತಿದ್ದರು. ಅವರಲ್ಲಿದ್ದ ಹಣಮಪ್ಪ ಈ ಸಲ ಬೇರೆಲ್ಲೂ ನೋಡಲಿಲ್ಲ. "ಸಾಬೆಲಕ್ಕಾ, ತೆನಿ ಭಾಳ ಛಲೋ ಬಂದಾವಲ್ಲ" ಎಂದ.

"ಹೂಂ ಅಣ್ಣಾ" ಎಂದಳು.

ಆ ಕೊಪ್ಪೆಯ ಎದುರು, ಊರಿನ ಕಣ್ಣೆದುರು ಇನಾಸನ ಕುಡುಗೋಲು ತೆನೆಗೆ ತಾಗಲಿಲ್ಲ. ಎರಡನೆಯ ಗಂಟೆ ಬಾರಿಸಿತು. ಇನಾಸ ಬದುವಿನ ಬಳಿಗೆ ಬಂದು ಕುಡುಗೋಲಿನ ಹಿಡಿಯನ್ನು ಅವಳ ಕಡೆ ಮಾಡಿ ಚಾಚಿದ. "ಹೊತ್ತಾಗ್ತದ, ಸಾಬೆಲ. ಈಗ ಕೊಯ್ಯಿ. ಹೆಸರಿಂದು ಆಮ್ಯಾಲ ನೋಡೂಣು."

"ಮೊದಲ ನೋಡೂಣು, ಭಾವಾ. ಆಮ್ಯಾಲ ಕೊಯ್ಯೂಣು."

ಅವಳು ಕೈ ಚಾಚಲಿಲ್ಲ. ಅವನೂ ಕೈ ಹಿಂತೆಗೆಯಲಿಲ್ಲ. ಓಣಿಯ ಕಡೆಯಿಂದ ಹದಿನಾಲ್ಕರಲ್ಲಿ ಉಳಿದ ಹನ್ನೆರಡು ಜನ ಒಬ್ಬರ ಹಿಂದೊಬ್ಬರು ಬಂದು ದಾರಿಯಲ್ಲಿ ನಿಂತರು. ಎಲ್ಲಿಂದಲೋ ಬಂದ ಒಂದು ಕಾಗೆ ಖಾಕಿ ಅಂಗಿಯ ತೋಳಿನ ಮೇಲೆ ಕುಳಿತು, ಮಾಗಿದ ತೆನೆಗಳನ್ನು ನೋಡುತ್ತಿತ್ತು. ಯಾರೂ ಅದನ್ನು ಓಡಿಸಲಿಲ್ಲ.