ಎರಡನೇ ಬ್ರೇಕು

ಟುಂಯ್ ಎಂದಿತಲ್ಲ, ನನ್ನ ಬಲಗಾಲು ತಾನಾಗಿಯೇ ನೆಲ ಬಿಟ್ಟು ಮೇಲೆದ್ದಿತು, ಥೂ, ಟೋಕನ್ ಯಂತ್ರ, ಅಷ್ಟೇ, ಗೋಡೆಯ ಮೇಲಿನ ಕೆಂಪು ಅಂಕಿ ಬದಲಾಗಿದೆ, ನಮ್ಮ ಸರದಿ ಇನ್ನೂ ಬಂದಿಲ್ಲ, ಇಳಿ ಕಾಲೇ ಇಳಿ, ಇದು ವಿಮಾ ಕಂಪನಿಯ ಕಚೇರಿ, ಕಾರಲ್ಲ, ನಿನ್ನ ಕೆಳಗೆ ಇಲ್ಲಿ ಯಾವ ಬ್ರೇಕೂ ಇಲ್ಲ — ಪಕ್ಕದ ಕುರ್ಚಿಯಲ್ಲಿ ಟೈಲರಮ್ಮ, ನನ್ನ ಹತ್ತಿರ ಡ್ರೈವಿಂಗ್ ಕಲಿಯಲು ಬಂದವಳು, ತೋಳಿಗೆ ಸಿಕ್ಕಿಸಿಕೊಂಡ ಗುಂಡುಸೂಜಿ ತೆಗೆಯುವುದನ್ನೂ ಮರೆತು ಬಂದಿದ್ದಾಳೆ, ಮುಖದಲ್ಲಿ ರಕ್ತವೇ ಇಲ್ಲ, ಟೀಚರ್, ಬೀಗದಣ್ಣ ನಿನ್ನೆ ಎಡಗೈಲಿ ಚಮಚ ಹಿಡಿದ್ರಂತೆ, ಎನ್ನುತ್ತಾಳೆ, ಅದೇ ದೊಡ್ಡ ಶುಭಸುದ್ದಿ ಎಂಬಂತೆ, ನಾನು ಹೂಂ ಎನ್ನುತ್ತೇನೆ, ಬಲಗೈಯ ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಇಬ್ಬರಿಗೂ ಗೊತ್ತು, ಬೀದಿಯ ಮೂಲೆಯಲ್ಲಿ ಛತ್ರಿಯ ಕೆಳಗೆ ಕೂತು ಕೀಲಿ ಮಾಡಿಕೊಡುವವನಿಗೆ ಬೆರಳಲ್ಲದೆ ಇನ್ನೇನಿದೆ, ಒಮ್ಮೆ ಕೀಲಿಯನ್ನು ಕಾರೊಳಗೇ ಬಿಟ್ಟು ಬಾಗಿಲು ಹಾಕಿದ್ದೆ, ಒಂದು ತಂತಿ ತೂರಿಸಿ, ಕಣ್ಣು ಮುಚ್ಚಿಕೊಂಡು, ಮಗುವಿನ ಕಿವಿ ಸವರುವವನಂತೆ ತೆಗೆದುಕೊಟ್ಟ, ದುಡ್ಡು ಬೇಡ, ನಮಗೂ ಒಂದಿನ ಡ್ರೈವಿಂಗ್ ಕಲಿಸಿಬಿಡಿ ಟೀಚರಮ್ಮ, ಅಂತ ನಕ್ಕಿದ್ದ, ಆ ಕೈಯನ್ನೇ ನನ್ನ ಕಾರು ಗೋಡೆಗೆ ಒತ್ತಿತು.

ಎಲ್ಲಾ ಆ ಮೈದುನನಿಂದ, ಇಲ್ಲ, ಅವನನ್ನು ಯಾಕೆ ಬೈಯಲಿ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಸಹಿ ಹಾಕಿದವಳು ನಾನು, ಅವನು ಹೇಳಿದ್ದಿಷ್ಟೇ, ಅತ್ತಿಗೆ, ಇಷ್ಟು ನಾಜೂಕಾಗಿ ಓಡಿಸೋ ನೀವು ಕಂಡವರ ಅಡ್ಡಾದಿಡ್ಡಿಗೆ ಯಾಕೆ ದುಡ್ಡು ಕಟ್ಟಬೇಕು, ಈ ಹೊಸ ಕಂಪನಿಗೆ ಬನ್ನಿ, ಕಾರಲ್ಲಿ ಒಂದು ಡಬ್ಬಿ ಕೂರಿಸ್ತಾರೆ, ಹೇಗೆ ಓಡಿಸ್ತೀರ ಅಂತ ಅದು ನೋಡ್ಕೊಳ್ಳುತ್ತೆ, ಚೆನ್ನಾಗಿ ಓಡಿಸಿದ್ರೆ ವಿಮೆ ಕಂತು ಅರ್ಧಕ್ಕರ್ಧ ಇಳಿಯುತ್ತೆ — ಅಗ್ಗದ ಆಸೆಗೆ ಮುಗ್ಗಲು ಜೋಳ ತಂದರಂತೆ, ನಾನೂ ತಂದೆ, ಸ್ಟೀರಿಂಗಿನ ಕೆಳಗೆ ಬೆಂಕಿಪೊಟ್ಟಣದಷ್ಟು ಡಬ್ಬಿ, ಜೋರಾಗಿ ಬ್ರೇಕ್ ಬಿದ್ದರೆ ಟುಂಯ್, ಅಂಕದ ಬದಲು ಕಂಪನಿ ಮೊಬೈಲಿನಲ್ಲಿ ತೋರಿಸುವ ಮರದಿಂದ ಒಂದು ಹಸಿರು ಎಲೆ ಉದುರುತ್ತದೆ, ಓಡಿಸುತ್ತಿರುವವರು ಯಾರು ಎಂದು ಅದಕ್ಕೆ ಬೇಕಿಲ್ಲ, ನನ್ನದೋ ಕಲಿಯುವವರ ಕಾರು, ಹೊಸಬರು ಬ್ರೇಕನ್ನು ಜಿರಲೆ ತುಳಿದಂತೆ ತುಳಿಯುತ್ತಾರೆ, ಟುಂಯ್, ಅವರು ತಡಮಾಡಿದರೆ ಪಕ್ಕದ ಸೀಟಿನಲ್ಲಿ ಕೂತ ನಾನು ನನ್ನ ಕಾಲ ಕೆಳಗಿನ ಎರಡನೇ ಬ್ರೇಕು ತುಳಿಯುತ್ತೇನೆ, ಅದಕ್ಕೂ ಟುಂಯ್, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಫೋನ್ ಮಾಡಿ ಕೇಳಿದರೆ ಡಬ್ಬಿಗೆ ಕಾರು ಮಾತ್ರ ಗೊತ್ತು ಮೇಡಂ ಎಂದಳು ಆ ಕಡೆಯ ಹುಡುಗಿ, ಪಾಪ ಅವಳೂ ಯಾರೋ ಬರೆದುಕೊಟ್ಟದ್ದನ್ನು ಓದುವವಳು, ಎಲೆ ಉದುರಿದಂತೆಲ್ಲ ಕಂತು ಏರಿತು, ಹಳೆಯ ಕಂಪನಿಗೆ ವಾಪಸು ಹೋಗೋಣವೆಂದರೆ ಉದುರಿದ ಎಲೆಗಳ ವಿಷಯ ನನಗಿಂತ ಮುಂಚೆ ಅಲ್ಲಿಗೆ ತಲುಪಿದೆ, ಒಳಗೆ ಹೋಗಲು ಬಾಗಿಲಿತ್ತು, ಹೊರಗೆ ಬರಲು ಇರಲಿಲ್ಲ, ಆಮೇಲೆ ನಾನು ಕಲಿಸುವ ರೀತಿಯೇ ಬದಲಾಯಿತು, ಅನುಮಾನ ಬಂದರೆ ಮೊದಲು ಬ್ರೇಕು, ಆಮೇಲೆ ಯೋಚನೆ ಎಂದು ಇಷ್ಟು ವರ್ಷ ಬಾಯಿಪಾಠ ಮಾಡಿಸಿದವಳು ಮೆತ್ತಗೆ, ಮೆತ್ತಗೆ, ಜರ್ಕ್ ಕೊಡಬೇಡಿ ಎನ್ನತೊಡಗಿದೆ, ಅವರಿಗೆ ಗದರಿದೆ, ನನ್ನ ಕಾಲಿಗೂ ಗದರಿದೆ, ಅದು ಪೆಡಲಿನ ಮೇಲೆ ಹೋಗಿ ಗಾಳಿಯಲ್ಲಿ ನಿಲ್ಲುತ್ತದೆ, ಒತ್ತುವುದಿಲ್ಲ, ಕಾಯುತ್ತದೆ, ನಾಯಿಯೇ ಸರಿಯಲಿ, ಸೈಕಲ್ಲೇ ತಿರುಗಲಿ, ಸರಿಯಿತು, ತಿರುಗಿತು, ಪ್ರತಿ ಸಲ ಬಚಾವಾದೆ, ಮೊಬೈಲಿನಲ್ಲಿ ಮರ ಚಿಗುರಿತು, ನೋಡಿದ್ರಾ ಅತ್ತಿಗೆ ಎಂದ ಮೈದುನ, ನನಗೂ ಹೆಮ್ಮೆಯಾಗಿತ್ತು, ನಾಚಿಕೆಗೇಡು.

ಟೈಲರಮ್ಮನ ಕಾಲು ನನಗೆ ಮೊದಲ ದಿನವೇ ಅರ್ಥವಾಗಬೇಕಿತ್ತು, ಜೀವಮಾನವಿಡೀ ಹೊಲಿಗೆ ಯಂತ್ರ ತುಳಿದ ಕಾಲು, ಅಲ್ಲಿ ನಿಲ್ಲಿಸುವುದೆಂದರೆ ತುಳಿಯುವುದಲ್ಲ, ಕಾಲೆತ್ತುವುದು, ಬೆರಳ ಹತ್ತಿರ ಸೂಜಿ ಬಂತೋ ಕಾಲು ಮೇಲೆ, ಗಾಬರಿಯಾದಾಗ ಕಾರಿನಲ್ಲೂ ಹಾಗೇ ಮಾಡುತ್ತಿದ್ದಳು, ಕಂಡಿದ್ದೆ, ತಿದ್ದಲಿಲ್ಲ, ಯಾಕೆ ತಿದ್ದಲಿ, ಇವಳಿಂದ ಒಂದೆಲೆಯೂ ಉದುರಿರಲಿಲ್ಲ, ಟೈಲರಮ್ಮನನ್ನ ನೋಡಿ ಕಲೀರಿ ಎಂದು ಉಳಿದವರಿಗೆ ಹೇಳುತ್ತಿದ್ದೆ — ಆ ದಿನ ಬೀದಿಯ ಮೂಲೆ, ಇಳಿಜಾರು, ಛತ್ರಿ, ಬೀಗದಣ್ಣ ನಮಗೆ ಬೆನ್ನು ಮಾಡಿ ಗೋಡೆಗೆ ಕೈಯೂರಿ ಏಳುತ್ತಿದ್ದಾನೆ, ಅವಳು ಅಯ್ಯೋ ಎಂದು ಕಾಲೆತ್ತಿದಳು, ಕಾರು ಇಳಿಯುತ್ತಿದೆ, ಮುದುಕರು ನಡೆಯುವ ವೇಗ, ಯಾರು ಬೇಕಾದರೂ ನಿಲ್ಲಿಸಬಹುದು, ನನ್ನ ಕಾಲು ಪೆಡಲಿನ ಮೇಲಿದೆ, ಬೆರಳಗಲ ಮೇಲೆ, ಒತ್ತಿದರೆ ಟುಂಯ್, ಸರಿಯುತ್ತಾನೆ, ಈಗ ಸರಿಯುತ್ತಾನೆ, ಕಾಲು ಅಲ್ಲೇ, ಅವನಿಗೆ ಬೆನ್ನಲ್ಲಿ ಕಣ್ಣಿರಲಿಲ್ಲ, ಸರಿಯಲಿಲ್ಲ, ಕಾರು ಗೋಡೆ ಮುಟ್ಟಿದ್ದು ಎಷ್ಟು ನಿಧಾನವೆಂದರೆ ಡಬ್ಬಿಗೆ ಅದು ತಿಳಿಯಲೂ ಇಲ್ಲ, ತೆಪ್ಪಗಿತ್ತು, ಸಂಜೆ ಆಸ್ಪತ್ರೆಯ ವರಾಂಡದಲ್ಲಿ ಮೊಬೈಲ್ ತೆಗೆದರೆ ಇಂದಿನ ಪ್ರಯಾಣ ಮೃದುವಾಗಿತ್ತು, ಅಭಿನಂದನೆ, ಒಂದು ಎಲೆ ಹೆಚ್ಚು.

ಟುಂಯ್, ನಮ್ಮದೇ ಅಂಕಿ, ಗಾಜಿನ ಬಾಗಿಲು, ಅಧಿಕಾರಿ ಒಳ್ಳೆಯವನೇ, ಕುರ್ಚಿ ತೋರಿಸಿದ, ನೀರು ತರಿಸಿದ, ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ, ಒಂದು ಗೆರೆ, ನೆಟ್ಟಗೆ, ಎಲ್ಲೂ ಎದ್ದಿಲ್ಲ, ನೋಡಿ, ಬ್ರೇಕ್ ಮುಟ್ಟೇ ಇಲ್ಲ, ಮುಟ್ಟಿದ್ರೆ ಇಲ್ಲಿ ಕಾಣ್ತಿತ್ತು, ಓಡಿಸ್ತಿದ್ದವರು ನಿಲ್ಲಿಸೋ ಪ್ರಯತ್ನಾನೇ ಮಾಡಿಲ್ಲ ಅಂದ್ರೆ ಕಂಪನಿ ಕೊಡಲ್ಲ, ಏಟು ಬಿದ್ದವನ ಚಿಕಿತ್ಸೆ, ಮುಂದಿನ ಜೀವನ, ಎಲ್ಲಾ ಓಡಿಸಿದವರದೇ ಹೊಣೆ, ಟೈಲರಮ್ಮ ತಲೆ ತಗ್ಗಿಸಿ ತಪ್ಪು ನಂದೇ ಸಾರ್, ಟೀಚರ್ ಎಷ್ಟು ಸಲ ಹೇಳಿಕೊಟ್ಟಿದ್ರು, ಎನ್ನುತ್ತಾಳೆ, ಏನು ಹೇಳಿಕೊಟ್ಟೆ ನಾನು, ಮೆತ್ತಗೆ ಎಂದು ಹೇಳಿಕೊಟ್ಟೆ, ಆ ದುಡ್ಡಿಗೆ ಇವಳು ಹೊಲಿಗೆ ಯಂತ್ರ ಮಾರುತ್ತಾಳೆ, ಅಂಗಡಿ ಬಿಡುತ್ತಾಳೆ, ಹೇಳು, ಆ ಕಾರಿಗೆ ಎರಡು ಬ್ರೇಕಿದೆ ಎಂದು ಹೇಳು, ಹೇಳಿದರೆ ನನ್ನ ಲೈಸೆನ್ಸು ಹೋಗುತ್ತದೆ, ಹೋಗಲಿ, ಕಾರು ಹೋಗುತ್ತದೆ, ಕಲಿಸುವುದು ಬಿಟ್ಟರೆ ನನಗೆ ಬೇರೇನು ಬರುತ್ತದೆ, ಹೇಳಿದರೆ ಬೀಗದಣ್ಣನ ಬೆರಳು ಮಡಚುತ್ತದೆಯೇ — ಮೇಡಂ, ಪಕ್ಕದಲ್ಲಿದ್ದವರು ನೀವು, ಇವರು ಬ್ರೇಕ್ ತುಳಿದ್ರಾ ಇಲ್ವಾ, ಅಷ್ಟು ಹೇಳಿ ಸಾಕು, ಎನ್ನುತ್ತಾನೆ ಅವನು, ಕೇಳುತ್ತಿರುವುದು ಅವಳ ಕಾಲಿನ ವಿಷಯ, ನನ್ನದನ್ನು ಕೇಳಲೇ ಇಲ್ಲ, ಇಲ್ಲ ಸಾರ್, ಅವರು ತುಳೀಲಿಲ್ಲ, ಎಂದೆ, ಎಂದುಬಿಟ್ಟೆ, ಒಂದಕ್ಷರವೂ ಸುಳ್ಳಿಲ್ಲ, ಅವನು ಬರೆದುಕೊಂಡ, ಟೈಲರಮ್ಮ ನನ್ನ ಕೈ ಹಿಡಿದುಕೊಂಡಳು, ಅವಳ ಕೈಯೇ ಬೆಚ್ಚಗಿದೆ, ನನ್ನದು ತಣ್ಣಗೆ, ಬೇಜಾರ್ ಮಾಡ್ಕೋಬೇಡಿ ಟೀಚರ್, ನೀವಾದ್ರೂ ಏನ್ ಮಾಡೋಕಾಗ್ತಿತ್ತು — ಏನ್ ಮಾಡೋಕಾಗ್ತಿತ್ತು, ಮೇಜಿನ ಕೆಳಗೆ ನನ್ನ ಕಾಲು ಎದ್ದಿದೆ, ಇಳಿಯುತ್ತಿಲ್ಲ, ಒತ್ತುತ್ತಿಲ್ಲ, ಪೆಡಲಿನ ಮೇಲೆ, ಗಾಳಿಯಲ್ಲಿ, ಪಾದ, ಬೆರಳಗಲ