ಗೀಟು ಹಾಕಿದ ‘ಇಲ್ಲ’

"ಡೆಲ್ಫಿನಾ, ಆ ಸೌಟು ಕೆಳಗಿಟ್ಟು ಸ್ವಲ್ಪ ಬಾರೇ ಇಲ್ಲಿ."

ಶಾಲೆಯ ಆಫೀಸಿನ ಲುವಾನ್ ಪ್ರುವಿಟ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಕರೆದಾಗ ಡೆಲ್ಫಿನಾ ಹೆದರುತ್ತಲೇ ಸೌಟು ಕೆಳಗಿಟ್ಟು ಬಂದಳು. ಟೆಕ್ಸಾಸಿನ ಆ ಹೈಸ್ಕೂಲಿನಲ್ಲಿ ಹದಿನಾರು ವರ್ಷದಿಂದ ಮಕ್ಕಳಿಗೆ ಊಟ ಬಡಿಸುತ್ತಿದ್ದಳು. ಆಫೀಸಿನವರು ಒಳ್ಳೆಯ ಸುದ್ದಿ ಹೊತ್ತು ಅಡುಗೆಮನೆವರೆಗೆ ಬಂದದ್ದು ಅವಳಿಗೆ ನೆನಪಿಲ್ಲ.

ಲುವಾನ್ ಕೈಯಲ್ಲಿದ್ದದ್ದು ಡೆಲ್ಫಿನಾ ಕಳೆದ ವಾರ ತುಂಬಿಕೊಟ್ಟ ಹಾಳೆ. ತಂದೆತಾಯಿ ಬೇಡವೆಂದು ಬರೆದುಕೊಡದಿದ್ದರೆ ಶಾಲೆಯವರು ಮಕ್ಕಳ ಹೆಸರಿನ ಪಟ್ಟಿಯನ್ನು ಸೈನ್ಯಕ್ಕೆ ಕಳಿಸುತ್ತಿದ್ದರು.

"ನಿನ್ನ ಮಗಳ ಹೆಸರು, ಫೋನ್ ನಂಬರು ಸೈನ್ಯದ ಭರ್ತಿಯೋರಿಗೆ ಕೊಡೋಕೆ ನಿಂಗೆ ಒಪ್ಪಿಗೇನಾ?"

"ಅಯ್ಯೋ, ಇಲ್ಲ ಅಂತ ಬರೆದಿದೀನಲ್ಲ ಮೇಡಂ! ಅದರ ಕೆಳಗೆ ಮೂರು ಗೀಟು ಬೇರೆ ಹಾಕಿದೀನಿ!"

"ಅದೇ ಎಡವಟ್ಟು. ಓದು ಇಲ್ಲಿ. ‘ನನ್ನ ಮಗುವಿನ ವಿವರ ಸೈನ್ಯಕ್ಕೆ ಕೊಡಬಾರದು: ಹೌದು, ಇಲ್ಲ.’ ನೀನು ಇಲ್ಲ ಅಂದ್ರೆ ಧಾರಾಳವಾಗಿ ಕೊಡಿ ಅಂತ ಅರ್ಥ ಕಣೇ."

ಡೆಲ್ಫಿನಾ ಸ್ಟೂಲು ಎಳೆದುಕೊಂಡು ಕೂತಳು. ಹಿರಿಯ ಮಗ ಎಫ್ರೈನ್ ಓದುವಾಗ ಇಂಥದೊಂದು ಹಾಳೆ ಇದೆಯೆಂದೇ ಅವಳಿಗೆ ಗೊತ್ತಿರಲಿಲ್ಲ. ಮನೆಗೆ ಭರ್ತಿಯವರ ಫೋನಿನ ಮೇಲೆ ಫೋನು ಬಂತು, ಹುಡುಗ ಸೈನ್ಯಕ್ಕೆ ಹೋದ, ಒಂದು ಕಿವಿ ಕಿವುಡಾಗಿ ಬಂದ. ಈಗಲೂ ಪಾತ್ರೆ ಬಿದ್ದರೆ ಬೆಚ್ಚಿಬೀಳುತ್ತಾನೆ. ಮಗಳು ಯೆಸೇನಿಯಾಳಿಗೆ ನರ್ಸ್ ಆಗುವ ಆಸೆ. "ಅವರು ಫೋನ್ ಮಾಡಿದ್ರೆ ಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲಮ್ಮ" ಎಂದು ಅವಳೇ ಹಾಳೆ ತಂದುಕೊಟ್ಟಿದ್ದಳು.

"ಪಟ್ಟಿ ಹೋಗಿಬಿಡ್ತಾ ಮೇಡಂ?"

"ಮೂರು ಗಂಟೆಗೆ ಹೋಗುತ್ತೆ. ತಗೋ ಹೊಸ ಹಾಳೆ. ‘ಹೌದು’ಗೆ ಗುರುತು ಹಾಕು."

ಪೆನ್ನು ಹಿಡಿದವಳು ತಡೆದಳು. ಲುವಾನಳ ಮೇಜಿನ ಮೇಲೆ ಸಮವಸ್ತ್ರದಲ್ಲಿ ನಗುವ ಮಗನ ಫೋಟೊ ಇರುವುದು ಇಡೀ ಶಾಲೆಗೆ ಗೊತ್ತು.

"ನಿಮಗೆ ಬೇಜಾರಾಗಲ್ವಾ? ನಿಮ್ಮ ಮಗ ಅಲ್ಲೇ ಇದಾನೆ."

"ಅವನು ಬೇಕು ಅಂದ, ಹೋದ. ನೀನು ಬೇಡ ಅಂದಿದೀಯ. ನಿನ್ನ ಬೇಡ ನನ್ನ ಕೈಯಲ್ಲಿ ಬೇಕು ಆಗಬಾರದು, ಅಷ್ಟೇ. ಬೇಗ ಸೈನ್ ಹಾಕೇ, ನಿನ್ನ ಬೀನ್ಸ್ ತಳ ಹಿಡೀತಿದೆ!"

ಡೆಲ್ಫಿನಾ ಸಹಿ ಹಾಕಿದಳು. ಇನ್ನೂರು ಹಾಳೆಗಳ ನಡುವೆ ತನ್ನ ಮೂರು ಗೀಟು ಈಕೆಯ ಕಣ್ಣಿಗೆ ಬಿತ್ತಲ್ಲ! ಏನೋ ಹೇಳಹೋದಳು. ಅಷ್ಟರಲ್ಲಿ ಲುವಾನ್ ಹೊರಟೇಹೋಗಿದ್ದಳು.

ಊಟದ ಹೊತ್ತಿಗೆ ಲುವಾನ್ ತಟ್ಟೆ ಹಿಡಿದು ಸಾಲಿನಲ್ಲಿ ಬಂದಳು. ಜೋಳದ ಬ್ರೆಡ್ಡಿನ ಗರಿಗರಿ ಮೂಲೆಯ ತುಂಡೆಂದರೆ ಅವಳಿಗೆ ಪ್ರಾಣ. ಮಕ್ಕಳು ಎಂದೂ ಉಳಿಸಿದ್ದಿಲ್ಲ. ಇವತ್ತು ಡೆಲ್ಫಿನಾ ನಾಲ್ಕು ಮೂಲೆಗಳನ್ನೂ ಬಟ್ಟೆ ಮುಚ್ಚಿ ಎತ್ತಿಟ್ಟಿದ್ದಳು. ನಾಲ್ಕನ್ನೂ ತಟ್ಟೆಗಿಟ್ಟಳು.

"ಬೀನ್ಸ್ ಬೇಡ್ವಾ ಮೇಡಂ?"

"ಇಲ್ಲ."

ಸೌಟು ಗಾಳಿಯಲ್ಲೇ ನಿಂತಿತು. ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲು ನಕ್ಕವಳು ಲುವಾನ್. ಡೆಲ್ಫಿನಾ ಕಣ್ಣೊರೆಸಿಕೊಂಡು ನಗುತ್ತ ಒಂದು ಸೌಟು ಬಡಿಸಿದಳು, ಅದರ ಮೇಲೆ ಇನ್ನೊಂದು.