ಕಡಲು ಕಾದ ವರ್ಷದ ಕಾಫಿಪುಡಿ

ರಾಮಾನುಜ ಅಯ್ಯಂಗಾರರ ಕಾಫಿಪುಡಿ ಅಂಗಡಿಗೂ ಪೆಸಿಫಿಕ್ ಸಾಗರಕ್ಕೂ ಸಂಬಂಧವಿದೆ ಎಂದಿದ್ದರೆ ಗಾಂಧಿ ಬಜಾರಿನವರು ನಕ್ಕುಬಿಡುತ್ತಿದ್ದರು. ರಾಮಾನುಜರೂ ಮೊದಲು ನಕ್ಕರು. ಹೇಳಿದವರು ಚಿಕ್ಕಮಗಳೂರಿನಿಂದ ಅವರಿಗೆ ಕಾಫಿಬೀಜ ಕಳಿಸುವ ನಾಗಭೂಷಣ್, ಫೋನಿನಲ್ಲಿ.

"ಸಮುದ್ರ ಬಿಸಿಯಾಗಿದೆ ಸ್ವಾಮಿ. ಎಲ್ ನಿನೊ ಅಂತೆ. ಈ ಸಲ ರೊಬಸ್ಟಾ ಬೀಜ ಹಳೇ ರೇಟಿಗೆ ಕೊಡಕ್ಕಾಗಲ್ಲ."

"ಅಲ್ಲಾ ರೀ, ಎಲ್ಲೋ ಸಮುದ್ರ ಬಿಸಿಯಾದ್ರೆ ನಿಮ್ಮ ಗೋಡೌನಿಗೇನಾಯ್ತು?"

ಆದದ್ದು ಇಷ್ಟು. ಕೆಲವು ವರ್ಷಗಳಿಗೊಮ್ಮೆ ಪೆಸಿಫಿಕ್‌ನ ನಡುಭಾಗದಿಂದ ಪೆರು ದೇಶದ ಕರಾವಳಿಯವರೆಗೆ ನೀರು ಎಂದಿಗಿಂತ ಬಿಸಿಯಾಗುತ್ತದೆ. ಬಿಸಿನೀರನ್ನು ಏಷ್ಯಾದ ಕಡೆಗೆ ತಳ್ಳುತ್ತಿದ್ದ ಗಾಳಿ ಸೋಲುತ್ತದೆ. ನೀರಿನ ಹಿಂದೆ ಮೋಡ, ಮೋಡದ ಹಿಂದೆ ಮಳೆ, ಎಲ್ಲವೂ ಪೂರ್ವಕ್ಕೆ ಸರಿಯುತ್ತವೆ. ಪೆರುವಿನಲ್ಲಿ ನೆರೆ, ಇಂಡೋನೇಷ್ಯಾದಲ್ಲಿ ಕಾಡ್ಗಿಚ್ಚು, ನಮ್ಮ ಮುಂಗಾರಿಗೆ ಉಬ್ಬಸ. ಪ್ರಪಂಚಕ್ಕೆಲ್ಲ ರೊಬಸ್ಟಾ ಕೊಡುವ ವಿಯೆಟ್ನಾಮಿನ ಬೆಟ್ಟಗಳು ಆ ಸಲ ಒಣಗಿದವು. ಕೊಳ್ಳುವವರೆಲ್ಲ ನಮ್ಮ ಕೊಡಗು, ಚಿಕ್ಕಮಗಳೂರಿನ ಕಡೆ ತಿರುಗಿದರು. ಇಲ್ಲಿಯೂ ಗಿಡ ಹೂವಿಗೆ ಬರುವ ಹೊತ್ತಿನ ಮಳೆ ಕೈಕೊಟ್ಟಿತ್ತು. ಬೆಲೆ ಗಗನಕ್ಕೇರಿತು. ಸಮುದ್ರಕ್ಕೆ ಇದಾವುದೂ ಗೊತ್ತಿಲ್ಲ, ಅದರ ಮೇಲೆ ಸಿಟ್ಟಾಗಿ ಪ್ರಯೋಜನವೂ ಇಲ್ಲ.

ರಾಮಾನುಜರ ಮುಂದೆ ಎರಡು ದಾರಿಗಳಿದ್ದವು: ಬೆಲೆ ಏರಿಸುವುದು, ಇಲ್ಲವೇ ಕಾಫಿಗೆ ಬಣ್ಣ, ಗಟ್ಟಿತನ ಕೊಡುವ ಅಗ್ಗದ ಬೇರಿನ ಪುಡಿ, ಚಿಕೋರಿ, ಏರಿಸುವುದು. ಮೊದಲನೆಯದಕ್ಕೆ ಧೈರ್ಯ ಬೇಕು. ಎರಡನೆಯದಕ್ಕೆ ಅಂಗಡಿಯ ಹಿಂಬದಿಯಲ್ಲಿ ಒಂದು ಕೋಣೆ ಸಾಕು, ಅದು ಇತ್ತು. ಪೊಟ್ಟಣದ ಮೇಲೆ ಕಾಫಿ ಎಂಬತ್ತು, ಚಿಕೋರಿ ಇಪ್ಪತ್ತು ಎಂದು ಅಚ್ಚಾಗಿದ್ದದ್ದು ಹಾಗೇ ಉಳಿಯಿತು. ಒಳಗಿನದು ಎಪ್ಪತ್ತಕ್ಕೆ ಮೂವತ್ತಾಯಿತು.

ಅವರಿಗೆ ಭಯವಿದ್ದದ್ದು ಒಬ್ಬರದೇ. ಶಂಕರಪುರಂನ ಶೈಲಜಮ್ಮ, ನಿವೃತ್ತ ಮುಖ್ಯೋಪಾಧ್ಯಾಯಿನಿ, ರಾಮಾನುಜರ ತಂದೆಯ ಕಾಲದಿಂದ ಗಿರಾಕಿ. ಪೊಟ್ಟಣವನ್ನು ಅಂಗಡಿಯಲ್ಲೇ ಬಿಡಿಸಿ, ಮೂಸಿ, ತಲೆದೂಗಿದ ಮೇಲೇ ಚೀಲಕ್ಕೆ ಹಾಕುವವರು. ಇನ್ನೊಂದು ಅಂಗಡಿಯ ಪುಡಿ ಕೆಟ್ಟಿದೆ ಎಂದು ಅವರು ಒಮ್ಮೆ ಹೇಳಿದ್ದಕ್ಕೆ ಬೀದಿಗೆ ಬೀದಿಯೇ ಆ ಅಂಗಡಿ ಬಿಟ್ಟಿತ್ತು. ಅವರ ಬಾಯಲ್ಲಿ ಹೆಸರು ಕೆಟ್ಟರೆ ತಾನೂ ಮುಳುಗಿದಂತೆ, ತಂದೆಯ ಹೆಸರೂ ಮುಳುಗಿದಂತೆ ಎಂದು ರಾಮಾನುಜರಿಗೆ ಗೊತ್ತಿತ್ತು.

ಶೈಲಜಮ್ಮ ಬಂದರು, ಮೂಸಿದರು. ರಾಮಾನುಜರು ತಕ್ಕಡಿ ಒರೆಸುತ್ತ ನಿಂತರು. ಅದರಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

"ಘಮ ಅಂದ್ರೆ ಇದು ಕಣ್ರೀ," ಎಂದರು ಶೈಲಜಮ್ಮ. "ಊರೆಲ್ಲಾ ರೇಟ್ ಜಾಸ್ತಿ ಮಾಡಿದಾರೆ. ನೀವೊಬ್ರೇ ನೋಡಿ, ರೇಟೂ ಅದೇ, ರುಚೀನೂ ಅದೇ."

ರಾಮಾನುಜರಿಗೆ ಬದುಕಿದೆ ಎನಿಸಿತು. ಆ ನೆಮ್ಮದಿ ಹೆಚ್ಚು ದಿನ ಬಾಳಲಿಲ್ಲ. ತಿಂಗಳು ತಿಂಗಳೂ ಅವರು ಬಂದು ಹೊಗಳುವುದು, ಇವರಿಗೆ ನಾಚಿಕೆಯಾಗುವುದು. ಅವರಿಗೆ ಗೊತ್ತಾಗದಿರಲಿ ಎಂದು ದೇವರಿಗೆ ಕೈಮುಗಿದಿದ್ದ ಮನುಷ್ಯ ಈಗ ಒಮ್ಮೆ ಗೊತ್ತಾಗಿಬಿಡಲಿ, ಬೈದುಬಿಡಲಿ ಎಂದು ಕಾಯತೊಡಗಿದರು. ತಾವೇ ಹೇಳಿಬಿಡಲು ಬಾಯಿ ತೆರೆದದ್ದೂ ಉಂಟು.

"ಅಮ್ಮಾ, ಈ ಎಲ್ ನಿನೊ ಅಂತ ಬಂದಿದ್ಯಲ್ಲ..."

"ಪೇಪರಲ್ಲಿ ಓದಿದೀನಿ ರೀ. ನಮ್ಮನೆ ಬೋರ್‌ವೆಲ್ಲೂ ಬತ್ತೋಯ್ತು. ಪುಣ್ಯಕ್ಕೆ ಕಾಫಿ ಒಂದು ಚೆನ್ನಾಗಿದೆ."

ರಾಮಾನುಜರು ಚಿಲ್ಲರೆ ಎಣಿಸಿ ಕೊಟ್ಟರು.

ಸಮುದ್ರ ತಣ್ಣಗಾಯಿತು. ಗಾಳಿ ತನ್ನ ಕೆಲಸಕ್ಕೆ ಮರಳಿತು, ವಿಯೆಟ್ನಾಮಿನಲ್ಲಿ ಮಳೆಯಾಯಿತು, ತಡವಾಗಿಯಾದರೂ ಬೆಲೆ ಇಳಿಯಿತು. ನಾಗಭೂಷಣ್ ಅದನ್ನು ತಿಳಿಸಿದ ದಿನವೇ ರಾಮಾನುಜರು ಒಳ್ಳೆಯ ಬೀಜ ಆರಿಸಿ, ಹುರಿದು, ಎಂಬತ್ತಕ್ಕೆ ಇಪ್ಪತ್ತು ಬೆರೆಸಿದರು. ಮೊದಲ ಪೊಟ್ಟಣವನ್ನು ಶೈಲಜಮ್ಮನವರ ಮನೆಗೆ ಕಳಿಸಿಕೊಟ್ಟರು. ಇನ್ನು ಹೇಳುವ ಅಗತ್ಯವಿಲ್ಲ, ಮಾಡಿದ್ದನ್ನು ಸರಿಪಡಿಸಿದ್ದಾಯಿತು ಎಂದುಕೊಂಡರು.

ಮಾರನೆಯ ದಿನ ಶೈಲಜಮ್ಮ ಒಡೆದ ಪೊಟ್ಟಣ ಹಿಡಿದು ಬಂದರು. ಅಂಗಡಿಯಲ್ಲಿ ಬೇರೆ ಗಿರಾಕಿಗಳಿದ್ದರು.

"ಏನ್ರೀ ಇದು? ಡಿಕಾಕ್ಷನ್‌ಗೆ ಬಣ್ಣ ಇಲ್ಲ, ಗಟ್ಟಿ ಇಲ್ಲ. ಏನು ಬೆರೆಸಿದೀರಾ? ಊರೆಲ್ಲಾ ಆಟ ಆಡ್ದಾಗ ನೀವು ಆಡ್ಲಿಲ್ಲ, ಈಗೇನು ಬಂತು? ನಿಮ್ಮಪ್ಪ ಇದ್ದಿದ್ರೆ ಹೀಗೆ ಮಾಡ್ತಿದ್ರಾ?"

ಇದೇ ಅಸಲಿ ಪುಡಿ ಎನ್ನಬಹುದಿತ್ತು. ಹಾಗೆಂದರೆ ಇಷ್ಟು ದಿನ ಕೊಟ್ಟದ್ದೇನು ಎಂಬ ಪ್ರಶ್ನೆ ಬರುತ್ತಿತ್ತು. ರಾಮಾನುಜರಿಗೆ ಅಪ್ಪನ ಹೆಸರು ತಾಗಿತು, ಕಣ್ಣು ತುಂಬಿತು.

"ತಪ್ಪಾಯ್ತಮ್ಮಾ," ಎಂದರು. "ಮೋಸ ಮಾಡ್ಬಿಟ್ಟೆ. ಕ್ಷಮಿಸ್ಬೇಕು."

ಯಾವ ಮೋಸ ಎಂದು ಅವರು ಕೇಳಲಿಲ್ಲ, ಇವರು ಹೇಳಲಿಲ್ಲ. ಶೈಲಜಮ್ಮ ಮೆತ್ತಗಾದರು.

"ಅಯ್ಯೋ, ಅದಕ್ಯಾಕೆ ಅಳ್ತೀರಾ? ಹೋಗ್ಲಿ ಬಿಡಿ. ಮುಂಚಿನ ಥರಾನೇ ಮಾಡ್ಕೊಡಿ, ಸಾಕು."

ರಾಮಾನುಜರು ಹಿಂಬದಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಕೋರಿಯ ಡಬ್ಬ ತೆರೆದು ಸೌಟು ಇಳಿಸಿದರು. ಹೊರಗೆ ಶೈಲಜಮ್ಮ ಉಳಿದ ಗಿರಾಕಿಗಳಿಗೆ ಹೇಳುತ್ತಿದ್ದದ್ದು ಕೇಳಿಸುತ್ತಿತ್ತು.

"ಮಾಡಿದ್ ತಪ್ಪನ್ನ ಹೀಗೆ ಒಪ್ಕೊಳ್ಳೋರು ಈ ಕಾಲದಲ್ಲಿ ಎಲ್ಲಿ ಸಿಗ್ತಾರೆ ಹೇಳಿ."